ಬೆಲೋಸ್‌ನ ಮೂಲೆಗಳಲ್ಲಿ ಸೋರುವ ಬೆಳಕು

ನಿಮ್ಮ 4×5 ಇಂಚಿನ ಫಿಲ್ಮ್ ಬಳಸುವ ಕ್ಯಾಮೆರಾದ ಬೆಲೋಸ್‌ನಲ್ಲಿ (ಲೆನ್ಸಿಗೂ ಫಿಲ್ಮ್ ಇರುವ ಹಿಂಬದಿಗೂ ನಡುವಿನ, ಮಡಚಿ ಬಿಚ್ಚುವ ಬಟ್ಟೆಯ ಕೊಳವೆಯಲ್ಲಿ) ಮಡಿಕೆಯ ಮೂಲೆಗಳಿಂದ ಬೆಳಕು ಸೋರುತ್ತಿದ್ದು, ಕಪ್ಪು ಟೇಪ್ ಅಂಟಿಸಿದರೆ ಸಾಕೇ ಎಂದು ಕೇಳಿದ್ದೀರಿ. ತಾತ್ಕಾಲಿಕವಾಗಿ ಸಾಕು, ಆದರೆ ಮಡಚಿ ಬಿಚ್ಚುವಾಗ ಹೆಚ್ಚು ಬಾಗುವುದು ಆ ಮೂಲೆಗಳೇ ಆದ್ದರಿಂದ ಟೇಪಿನ ಅಂಚು ಬೇಗನೆ ಏಳುತ್ತದೆ, ದಪ್ಪ ಟೇಪಾದರೆ ಬೆಲೋಸ್ ಪೂರ್ತಿ ಮಡಚಿಕೊಳ್ಳುವುದೂ ಇಲ್ಲ. ಮೊದಲು ಕತ್ತಲೆಯ ಕೋಣೆಯಲ್ಲಿ ಬೆಲೋಸನ್ನು ಪೂರ್ತಿ ಚಾಚಿ, ಒಳಗೆ ಸಣ್ಣ ಟಾರ್ಚ್ ಹೊತ್ತಿಸಿಟ್ಟು, ಹಿಂಬದಿಯನ್ನು ಮುಚ್ಚಿ, ಸುತ್ತಲಿಂದಲೂ ನೋಡುತ್ತಾ ಪ್ರತಿ ರಂಧ್ರವನ್ನೂ ಸೀಮೆಸುಣ್ಣದಿಂದ ಗುರುತಿಸಿಕೊಳ್ಳಿ. ಬಳಿಕ, ಒಣಗಿದ ಮೇಲೂ ಬಾಗುವಂಥ ಕಪ್ಪು ದ್ರವ ರಬ್ಬರನ್ನು ಸಣ್ಣ ಕುಂಚದಿಂದ ಎರಡು ಮೂರು ತೆಳು ಪದರಗಳಾಗಿ ಹಚ್ಚಿ, ಪ್ರತಿ ಪದರವನ್ನೂ ಚಾಚಿದ ಸ್ಥಿತಿಯಲ್ಲೇ ಪೂರ್ತಿ ಒಣಗಲು ಬಿಡಿ. ಅವಸರದಿಂದ ಮಡಚಿದರೆ ಮಡಿಕೆಗಳು ಒಂದಕ್ಕೊಂದು ಅಂಟಿಕೊಂಡು, ಬಿಡಿಸುವಾಗ ಬಟ್ಟೆಯೇ ಹರಿಯಬಹುದು. ಉದ್ದಕ್ಕೂ ಹತ್ತಾರು ಕಡೆ ಬೆಳಕು ಕಂಡರೆ ಮಾತ್ರ ತೇಪೆಯ ಕೆಲಸ ಬಿಟ್ಟು ಹೊಸ ಬೆಲೋಸ್ ಹಾಕಿಸುವುದೇ ಲೇಸೆಂಬುದು ನನ್ನ ಖಚಿತ ಅಭಿಪ್ರಾಯ.