ಅಮ್ಮನ ತೋಳಿನ ಕಲೆ ಮತ್ತು ಮನೆಯಲ್ಲಿರುವ ಹೋಂ ನರ್ಸ್

ಪ್ರಶ್ನೆ: ನಾನು ಮೈಸೂರಿನಲ್ಲಿ ಬ್ಯಾಂಕ್ ಉದ್ಯೋಗಿ. ತಾಯಿಗೆ 76 ವರ್ಷ. ಮೂರು ವರ್ಷಗಳ ಹಿಂದೆ ಪಾರ್ಶ್ವವಾಯು ತಗುಲಿ ಎಡಭಾಗದ ಸ್ವಾಧೀನ ತಪ್ಪಿತು. ಈಗ ಮರೆವಿನ ಕಾಯಿಲೆಯೂ ಇದೆ. ಐದು ತಿಂಗಳಿಂದ ಏಜೆನ್ಸಿಯೊಂದು ಕಳಿಸಿದ ಹೋಂ ನರ್ಸ್ ಹಗಲೂ ರಾತ್ರಿಯೂ ನಮ್ಮಲ್ಲೇ ಇದ್ದು ನೋಡಿಕೊಳ್ಳುತ್ತಿದ್ದಾಳೆ. ಈಚೆಗೆ ಎರಡು ಬಾರಿ ಅಮ್ಮನ ತೋಳಿನ ಮೇಲೆ ಕಂದಿದ ಕಲೆ ಕಂಡೆ. ಮಧ್ಯಾಹ್ನದವರೆಗೂ ಮಂಪರಿನಲ್ಲಿರುತ್ತಾರೆ. ಒಮ್ಮೆ "ಅವಳು ಬೈತಾಳೆ" ಎಂದರು. ಮರುದಿನ ಕೇಳಿದರೆ ನೆನಪಿಲ್ಲ. ಮರೆವಿನ ರೋಗಿಗಳ ಮಾತು ನಂಬಬೇಡಿ ಎನ್ನುತ್ತಾರೆ ಏಜೆನ್ಸಿಯವರು. ಏನಾದರೂ ಅಂದು ಅವಳು ಬಿಟ್ಟುಹೋದರೆ ಯಾರು ನೋಡಿಕೊಳ್ಳುತ್ತಾರೆ ಎನ್ನುತ್ತಾನೆ ವಿದೇಶದಲ್ಲಿರುವ ಅಣ್ಣ. ಬಿಡಿಸಲೇ, ಕ್ಯಾಮೆರಾ ಇಡಲೇ, ಸುಮ್ಮನಿರಲೇ?

ಉತ್ತರ: ಈ ಮೂರರಲ್ಲಿ ಸುಮ್ಮನಿರುವುದನ್ನು ಮೊದಲು ಬಿಟ್ಟುಬಿಡಿ. ಹಾಗೆಂದು ಆಕೆ ಒಳ್ಳೆಯವಳೋ ಕೆಟ್ಟವಳೋ ಎಂಬುದನ್ನು ಇವತ್ತೇ ನಿರ್ಧರಿಸಬೇಕಾಗಿಲ್ಲ. ನೀವು ಮನೆಯಲ್ಲಿಲ್ಲದ ಹೊತ್ತಿನಲ್ಲಿ ಅಮ್ಮನಿಗೆ ಏನಾಗುತ್ತಿದೆ ಎಂಬುದನ್ನು ತಿಳಿದುಕೊಳ್ಳುವುದಷ್ಟೇ ಈಗ ನಿಮ್ಮ ಮುಂದಿರುವ ಕೆಲಸ.

ಈ ವಾರವೇ ವೈದ್ಯರನ್ನು ಮನೆಗೆ ಕರೆಸಿ, ತಲೆಯಿಂದ ಹಿಮ್ಮಡಿಯವರೆಗೆ ಪರೀಕ್ಷಿಸಿ ಕಂಡದ್ದನ್ನು ದಿನಾಂಕ ಸಹಿತ ಬರೆದುಕೊಡುವಂತೆ ಕೇಳಿ. ಪಾರ್ಶ್ವವಾಯುವಿನ ನಂತರ ರಕ್ತ ಹೆಪ್ಪುಗಟ್ಟದಂತೆ ಕೊಡುವ ಮಾತ್ರೆಗಳಿಂದ ಸಣ್ಣ ತಾಗುವಿಕೆಗೂ ಚರ್ಮ ಕಂದುತ್ತದೆ. ಎತ್ತಿ ಕೂರಿಸುವಾಗ ತೋಳನ್ನು ಹಿಡಿದೆಳೆದರೂ ಕಲೆ ಬೀಳುತ್ತದೆ, ಸ್ವಾಧೀನ ತಪ್ಪಿದ ಕಡೆಯಾದರೆ ಭುಜದ ಕೀಲಿಗೇ ಪೆಟ್ಟಾಗಬಹುದು. ಬೆರಳುಗಳು ಒತ್ತಿದ ಗುರುತೇ, ಬೇರೆಯೇ ಎಂಬುದನ್ನು ವೈದ್ಯರು ನೋಡಲಿ. ಮಂಪರಿಗೆ ಮೂತ್ರದ ಸೋಂಕೋ ರಕ್ತದಲ್ಲಿ ಸೋಡಿಯಂ ಕಡಿಮೆಯಾದದ್ದೋ ಕಾರಣವಿರಬಹುದು. ಆದರೆ ಚೀಟಿಯಲ್ಲಿಲ್ಲದ ನಿದ್ರೆ ಮಾತ್ರೆಯೂ ಕಾರಣವಾಗಿರಬಹುದಾದ್ದರಿಂದ ಮಾತ್ರೆಗಳನ್ನು ಎಣಿಸಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ; ದಿನಕ್ಕೆ ಬೇಕಾದಷ್ಟನ್ನು ಮಾತ್ರ ಹೊರಗಿಡಿ. ಬೆನ್ನಿನ ಕೆಳತುದಿಯ ಮೂಳೆ, ಸೊಂಟದ ಪಕ್ಕದ ಮೂಳೆ, ಹಿಮ್ಮಡಿ ಇವುಗಳ ಮೇಲೆ ಒತ್ತಿದರೂ ಮಾಸದ ಕೆಂಪು ಅಥವಾ ಕಪ್ಪು ಛಾಯೆ ಕಂಡರೆ ಅದು ಹಾಸಿಗೆ ಹುಣ್ಣಿನ ಆರಂಭ. ಮಲಗಿದ ರೋಗಿಗೆ ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಅದು ನಡೆಯುತ್ತಿದೆಯೇ ಇಲ್ಲವೇ ಎಂಬುದನ್ನು ಬೆನ್ನು ಹೇಳುತ್ತದೆ.

ಮರೆವಿನ ಕಾಯಿಲೆಯವರು ದಿನ, ಹೆಸರು, ಮುಂಜಾನೆ ಉಂಡದ್ದನ್ನು ಮರೆಯುತ್ತಾರೆ, ಕೆಲವೊಮ್ಮೆ ಇಲ್ಲದ ಕಳ್ಳತನವನ್ನೂ ಹೇಳುತ್ತಾರೆ, ನಿಜ. ಆದರೆ ಘಟನೆ ಮರೆತ ಮೇಲೂ ಅದರ ಅಂಜಿಕೆ ಮನಸ್ಸಿನಲ್ಲಿ ಉಳಿಯಬಲ್ಲದು. ಆದ್ದರಿಂದ "ಹೊಡೆದಳಾ?" ಎಂದು ಮತ್ತೆ ಮತ್ತೆ ಕೇಳಬೇಡಿ. ಆಕೆ ಕೋಣೆಗೆ ಬಂದಾಗ ಅಮ್ಮ ಹೊದಿಕೆ ಎಳೆದುಕೊಳ್ಳುತ್ತಾರೆಯೇ, ತುತ್ತು ನುಂಗುವಾಗ ಆಕೆಯ ಮುಖ ನೋಡುತ್ತಾರೆಯೇ ಎಂಬುದನ್ನು ಗಮನಿಸಿ. ರೋಗದ ಹೆಸರು ಹೇಳಿ ಅವರ ಮಾತನ್ನೆಲ್ಲ ತಳ್ಳಿಹಾಕಿದ ಏಜೆನ್ಸಿಯ ಉತ್ತರ ನನಗೆ ಒಪ್ಪಿಗೆಯಾಗುವುದಿಲ್ಲ.

ಕ್ಯಾಮೆರಾ ಇಡಬಹುದು, ಆದರೆ ಆಕೆಗೆ ತಿಳಿಸಿ. ಸ್ನಾನ, ಬಟ್ಟೆ ಬದಲಿಸುವುದು, ಆಕೆ ಮಲಗುವ ಜಾಗ ಅದರೊಳಗೆ ಬೀಳಬಾರದು, ಆ ದೃಶ್ಯಗಳು ಬಂಧುಗಳ ವಾಟ್ಸಾಪ್ ಗುಂಪಿಗೆ ಹೋಗಲೇಬಾರದು. ಅಮ್ಮನಿಗೂ ಮಾನವಿದೆ. ಊಟದ ಬಿಡುವಿನಲ್ಲಿ ಹೇಳದೆ ಮನೆಗೆ ಬರುವುದು, ಪಕ್ಕದ ಮನೆಯವರು ದಿನಕ್ಕೊಮ್ಮೆ ಬಂದು ಮಾತಾಡಿಸುವುದು ಕ್ಯಾಮೆರಾಗಿಂತ ಹೆಚ್ಚು ಕಾಪಾಡುತ್ತದೆ.

ಇನ್ನು ಏಜೆನ್ಸಿ. ನಮ್ಮಲ್ಲಿ ಈ ಕೆಲಸಕ್ಕೆ ಬಂದವರನ್ನೆಲ್ಲ ಹೋಂ ನರ್ಸ್ ಎನ್ನುವ ರೂಢಿಯಿದೆ. ಎಎನ್‌ಎಂ, ಜಿಎನ್‌ಎಂ, ಬಿಎಸ್‌ಸಿಯಂಥ ನರ್ಸಿಂಗ್ ಕೋರ್ಸ್ ಓದಿ ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಮಾತ್ರ ನರ್ಸ್, ಉಳಿದವರು ಸಹಾಯಕಿಯರು. ಸಹಾಯಕಿಯಿಂದ ಚುಚ್ಚುಮದ್ದು ಕೊಡಿಸುವುದು, ಮೂಗಿನ ನಳಿಕೆ ಹಾಕಿಸುವುದು ಸಲ್ಲದು. ಆಕೆಯ ತರಬೇತಿ, ಗುರುತು, ಪೊಲೀಸ್ ಪರಿಶೀಲನೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ. ಇಂಥ ಸಂಸ್ಥೆಗಳಿಗೆ ನೋಂದಣಿ, ಕನಿಷ್ಠ ಗುಣಮಟ್ಟ ಗೊತ್ತುಪಡಿಸಲು ಪೋಷಕರು ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆಗೆ ತಿದ್ದುಪಡಿ ಮಸೂದೆ 2019ರಲ್ಲಿ ಲೋಕಸಭೆಗೆ ಬಂದಿತ್ತಾದರೂ ಕಾನೂನಾಗಲಿಲ್ಲ, ಹೀಗಾಗಿ ನಿಮ್ಮ ಕೈಯಲ್ಲಿರುವ ಒಪ್ಪಂದದ ಕಾಗದಕ್ಕೇ ಹೆಚ್ಚು ಬೆಲೆ. ಅಶಕ್ತರನ್ನು ನೋಡಿಕೊಳ್ಳುವ ಒಪ್ಪಂದವಿದ್ದೂ ಬೇಕೆಂದೇ ಅದನ್ನು ಕೈಬಿಡುವುದು ಭಾರತೀಯ ನ್ಯಾಯ ಸಂಹಿತೆಯ 357ನೇ ಕಲಮಿನಡಿ ಅಪರಾಧ. ಹಣ ಪಡೆದು ಕೊಟ್ಟ ಸೇವೆಯ ಲೋಪಕ್ಕೆ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567 ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಸಿಗುತ್ತದೆ. ಕೈಮಾಡಿದ್ದು ಕಣ್ಣಿಗೆ ಬಿದ್ದರೆ 112ಕ್ಕೆ ಕರೆ ಮಾಡಿ.

ಒಂದು ಮಾತು ನಿಮಗೆ ನೋವಾಗಬಹುದು, ಆದರೂ ಹೇಳಬೇಕು. ರಾತ್ರಿಯೆಲ್ಲ ಎದ್ದೆದ್ದು ಮಗ್ಗುಲು ಬದಲಿಸಿ ಹಗಲೂ ಅದೇ ಕೋಣೆಯಲ್ಲಿರುವ ಆ ಹುಡುಗಿ ಐದು ತಿಂಗಳಲ್ಲಿ ಎಷ್ಟು ದಿನ ರಜೆ ಪಡೆದಳು, ನೀವು ಕೊಡುವ ಹಣದಲ್ಲಿ ಎಷ್ಟು ಅವಳ ಕೈಸೇರುತ್ತದೆ ಎಂದು ಕೇಳಿದ್ದೀರಾ? ನಿದ್ರೆಗೆಟ್ಟ ಒಬ್ಬಳ ಕೈಯಲ್ಲಿ ಇಪ್ಪತ್ತನಾಲ್ಕು ಗಂಟೆ ಬಿಟ್ಟ ಆರೈಕೆ ಯಾರ ಮನೆಯಲ್ಲೂ ಸುರಕ್ಷಿತವಲ್ಲ. ಇದು ಗದರಿದ್ದಕ್ಕೆ, ಕೈಮಾಡಿದ್ದಕ್ಕೆ ಸಮಜಾಯಿಷಿಯಲ್ಲ. ಮುಂದೆ ಬರುವ ಹೊಸಬಳೂ ಹೀಗೇ ಆಗಬಾರದೆಂದು ಹೇಳುತ್ತಿದ್ದೇನೆ. ವಾರಕ್ಕೊಂದು ರಜೆ, ರಾತ್ರಿಗೆ ಇನ್ನೊಬ್ಬರು ಬೇಕು. ಅದರ ಖರ್ಚನ್ನು ಅಣ್ಣನಿಗೆ ಹೇಳಿ. ಯಾರು ನೋಡಿಕೊಳ್ಳುತ್ತಾರೆಂದು ಕೇಳುವ ಅವರು ಉತ್ತರದ ಪಾಲನ್ನೂ ಹೊರಬೇಕು.

ಬೆರಳ ಗುರುತೇ ಎಂದು ವೈದ್ಯರು ಹೇಳಿದರೆ, ಚೀಟಿಯಲ್ಲಿಲ್ಲದ ಮಾತ್ರೆ ಸಿಕ್ಕರೆ, ಅಮ್ಮ ಅಂಜುವುದು ಖಚಿತವಾದರೆ, ಒಂದು ರಾತ್ರಿಯೂ ಆಕೆಯೊಬ್ಬಳ ಜೊತೆ ಬಿಡಬೇಡಿ. ಅದೇ ದಿನ ಬದಲಿ ಕೇಳಿ. ಆಗ ಅಮ್ಮನೆದುರು ಜಗಳ ಬೇಡ, ಆಕೆಯ ಫೋನು, ಗುರುತಿನ ಚೀಟಿ ಹಿಡಿದಿಟ್ಟುಕೊಳ್ಳುವುದಂತೂ ಬೇಡವೇ ಬೇಡ. ಹೊಸಬರು ಬಂದ ಮೊದಲ ಮೂರು ದಿನ ರಜೆ ಹಾಕಿ ಮನೆಯಲ್ಲಿರಿ.

ಸದ್ಯಕ್ಕೆ, ನಾಳೆ ಬೆಳಗಿನ ಸ್ನಾನಕ್ಕೆ ಬಿಸಿನೀರಿನ ಬಳಿ ನೀವೂ ನಿಲ್ಲಿ.