ಅತ್ತೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಕ್ರಿಸ್ಮಸ್‌ಗೆ ಪುಣೆಯಿಂದ ಗೋವಾಕ್ಕೆ ಬರಬಹುದೇ?

ನೀವು ಕೇಳಿರುವುದು ಇಷ್ಟು: ಪಿಂಪ್ರಿಯಲ್ಲಿ ವಾಸಿಸುವ ನಿಮ್ಮದು ಐವರ ಕುಟುಂಬ, ಒಂಬತ್ತು ಮತ್ತು ಹದಿಮೂರು ವರ್ಷದ ಇಬ್ಬರು ಮಕ್ಕಳಿದ್ದಾರೆ, ಅತ್ತೆಯವರಿಗೆ ಮೊಣಕಾಲು ನೋವು, ಮೇಲಾಗಿ ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಈ ಬಾರಿಯ ಕ್ರಿಸ್ಮಸ್ ರಜೆಯಲ್ಲಿ ಮಕ್ಕಳು ನೆನಪಿಟ್ಟುಕೊಳ್ಳುವಂಥದ್ದೇನಾದರೂ ಮಾಡಬೇಕು. ಅದು ಗೋವಾ ಪ್ರವಾಸವೋ, ಮುಂಬೈಯಲ್ಲಿ ಎರಡು ದಿನವೋ, ಪುಣೆಯ ದೊಡ್ಡ ಹೋಟೆಲೊಂದರಲ್ಲಿ ಊಟವೋ ಎಂಬುದು ನಿಮ್ಮ ಪ್ರಶ್ನೆ. ಜೊತೆಗೆ, ಕ್ರೈಸ್ತರಲ್ಲದ ನೀವು ಚರ್ಚಿನ ಪೂಜೆಗೆ ಹೋದರೆ ಯಾರಾದರೂ ತಪ್ಪು ತಿಳಿಯುತ್ತಾರೆಯೇ ಎಂದೂ ಕೇಳಿದ್ದೀರಿ.

ನಾನು ಹುಬ್ಬಳ್ಳಿ ಕಡೆಯವನು. ನೌಕರಿಯ ನಿಮಿತ್ತ ಮಡಗಾಂವಿಗೆ ಬಂದು ಇಲ್ಲೇ ನೆಲೆಸಿದ್ದೇನೆ. ಆದ್ದರಿಂದ ನನ್ನ ಉತ್ತರ ಗೋವಾದ ಕಡೆಗೆ ವಾಲುವುದು ಸಹಜ. ಆದರೆ ಡಿಸೆಂಬರಿನ ಕೊನೆಯ ವಾರದಲ್ಲಿ ಜಾಹೀರಾತುಗಳು ತೋರಿಸುವ ಗೋವಾ ನನ್ನ ಮನಸ್ಸಿನಲ್ಲಿಲ್ಲ. ಬಾಗಾ, ಕಲಂಗುಟ್, ಅಂಜುನಾ ಕಡೆಯ ರಸ್ತೆಗಳಲ್ಲಿ ಆ ವಾರ ವಾಹನಗಳು ತೆವಳುತ್ತಿರುತ್ತವೆ, ಕೋಣೆಯ ಬಾಡಿಗೆ ದಿನದಿಂದ ದಿನಕ್ಕೆ ಏರುತ್ತಿರುತ್ತದೆ, ಮತ್ತು ಅಲ್ಲಿಗೆ ಬಂದ ಬಹುಪಾಲು ಜನ ಹೊಸ ವರ್ಷದ ರಾತ್ರಿಗಾಗಿ ಕಾದಿರುತ್ತಾರೆಯೇ ಹೊರತು ಕ್ರಿಸ್ಮಸ್‌ಗಾಗಿ ಅಲ್ಲ. ನೀವು ದಕ್ಷಿಣ ಗೋವಾದ ಒಂದು ಹಳ್ಳಿಗೆ ಬನ್ನಿ. 22ರಂದು ಪುಣೆ ಬಿಟ್ಟು 26ರಂದು ಹಿಂತಿರುಗಿ. ನಡುವಿನ ದಿನಗಳಲ್ಲಿ 24ರ ಸಂಜೆಯೊಂದನ್ನು ಮುಖ್ಯವೆಂದು ಹಿಡಿದು, ಉಳಿದುದೆಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಿ. ಹಣವನ್ನೂ ಅತ್ತೆಯವರ ಕಾಲಿನ ಶಕ್ತಿಯನ್ನೂ ಆ ಸಂಜೆಗಾಗಿ ಕಾಯ್ದಿಟ್ಟುಕೊಳ್ಳಬೇಕೆಂಬುದೇ ನನ್ನ ಸಲಹೆಯ ತಿರುಳು.

ಮೊದಲು ಪ್ರಯಾಣದ ವಿಚಾರ. ನೀವು ಸೆಪ್ಟೆಂಬರಿನಲ್ಲೇ ಕೇಳಿದ್ದು ಒಳ್ಳೆಯದಾಯಿತು. 2024ರ ನವೆಂಬರಿನಿಂದ ರೈಲ್ವೆಯ ಮುಂಗಡ ಬುಕಿಂಗ್ ಅವಧಿ 60 ದಿನಗಳಿಗೆ ಇಳಿದಿರುವುದರಿಂದ, ಡಿಸೆಂಬರ್ 22ರ ಟಿಕೆಟಿಗೆ ಅಕ್ಟೋಬರಿನ ಮೂರನೆಯ ವಾರದಿಂದಲೇ ಕಣ್ಣಿಟ್ಟಿರಬೇಕು. ದೆಹಲಿಯ ನಿಜಾಮುದ್ದೀನಿನಿಂದ ವಾಸ್ಕೋಗೆ ಬರುವ ಗೋವಾ ಎಕ್ಸ್‌ಪ್ರೆಸ್ ಪುಣೆಯ ಮೂಲಕವೇ ಹಾದು ಮೀರಜ್, ಬೆಳಗಾವಿ, ಲೋಂಡಾ ಮಾರ್ಗವಾಗಿ ಮಡಗಾಂವಿಗೆ ಬರುತ್ತದೆ. ರಾತ್ರಿ ಮಲಗಿ ಎದ್ದರೆ ಗೋವಾ. ಅತ್ತೆಯವರ ವಯಸ್ಸನ್ನು ಅರ್ಜಿಯಲ್ಲಿ ಸರಿಯಾಗಿ ನಮೂದಿಸಿದರೆ ಕೆಳಗಿನ ಬರ್ತ್ ದೊರೆಯುವ ಸಾಧ್ಯತೆ ಹೆಚ್ಚು. ಹಿಂತಿರುಗುವಾಗಲೂ ಇದೇ ರೈಲನ್ನು ಹಿಡಿಯಿರಿ. ಅದು ವಾಸ್ಕೋದಿಂದ ಮಧ್ಯಾಹ್ನ ಹೊರಡುವುದರಿಂದ, ಸಮಯಕ್ಕೆ ಸರಿಯಾಗಿ ಓಡಿದರೆ, ಕುಳೆಯಿಂದ ಕ್ಯಾಸಲ್‌ರಾಕ್‌ವರೆಗೆ ಘಟ್ಟ ಹತ್ತುವಾಗ ಇನ್ನೂ ಬೆಳಕಿರುತ್ತದೆ. ಸುಮಾರು 310 ಮೀಟರ್ ಎತ್ತರದ ದೂಧಸಾಗರ ಜಲಪಾತ ಹಳಿಯ ಪಕ್ಕದಲ್ಲೇ ಇದೆ. ಡಿಸೆಂಬರಿನಲ್ಲಿ ನೀರು ಮಳೆಗಾಲದಷ್ಟಿರುವುದಿಲ್ಲವಾದರೂ ಸುರಂಗಗಳಿಗೆ ಮಕ್ಕಳು ಮನಸೋಲುವುದು ಖಂಡಿತ. ಅಲ್ಲಿ ರೈಲಿನಿಂದ ಇಳಿಯುವುದನ್ನು ರೈಲ್ವೆ ನಿಷೇಧಿಸಿದೆ. ಕಿಟಕಿಯಿಂದ ನೋಡಿದರೆ ಸಾಕು. ಕಾರಿನಲ್ಲಿ ಬರುವ ಯೋಚನೆಯಿದ್ದರೆ, ಅಂಬೋಲಿಯ ಮೇಲಾಗಲಿ ಚೋರ್ಲಾ ಘಟ್ಟದ ಮೇಲಾಗಲಿ ಒಂಬತ್ತು ಹತ್ತು ತಾಸು ಕುಳಿತಿರಬೇಕಾಗುತ್ತದೆ. ಮೊಣಕಾಲು ನೋವಿರುವವರಿಗೆ ಅದು ಬೇಡ.

ತಂಗಲು ಕೋಲ್ವಾ, ಬೆನೌಲಿಮ್, ವಾರ್ಕಾ ಕಡೆಯ ಹಳ್ಳಿಗಳು ಅನುಕೂಲ. ಮಡಗಾಂವ್ ನಿಲ್ದಾಣದಿಂದ ದೂರವೂ ಇಲ್ಲ; ಕಡಲತೀರವೂ ಇದೆ, ಊರೊಳಗಿನ ಮನೆಗಳೂ ಇವೆ. ಕೋಣೆ ಗೊತ್ತುಮಾಡುವಾಗ ಎರಡು ಸಂಗತಿಗಳನ್ನು ಬರವಣಿಗೆಯಲ್ಲೇ ಕೇಳಿ ಇಟ್ಟುಕೊಳ್ಳಿ. ಒಂದು, ಕೋಣೆ ನೆಲಮಹಡಿಯಲ್ಲಿದೆಯೇ ಎಂಬುದು. ಇನ್ನೊಂದು, 24ರ ರಾತ್ರಿಯ ‘ಗಾಲಾ ಡಿನ್ನರ್’ ಕಡ್ಡಾಯವೇ ಎಂಬುದು. ಅನೇಕ ಹೋಟೆಲುಗಳು ಬಾಡಿಗೆಯ ಜೊತೆಗೆ ಆ ಊಟದ ಹಣವನ್ನು ತಲೆಗಿಷ್ಟರಂತೆ, ಮಕ್ಕಳಿಗೂ ಸೇರಿಸಿ, ವಸೂಲು ಮಾಡುತ್ತವೆ. ಮೊಟ್ಟೆ ತಿನ್ನದ ಹಿರಿಯರನ್ನು ಬಫೆಯ ಮುಂದೆ ನಿಲ್ಲಿಸಿ ಅಷ್ಟು ಹಣ ಕೊಡುವುದು ವ್ಯರ್ಥ; ಸಾಲದ್ದಕ್ಕೆ, ಊರಿನಲ್ಲಿ ನೋಡಬೇಕಾದದ್ದು ನಡೆಯುತ್ತಿರುವ ಹೊತ್ತಿನಲ್ಲೇ ನೀವು ಹೋಟೆಲಿನೊಳಗೆ ಕುಳಿತಿರುತ್ತೀರಿ. ಪುಣೆಯ ಹೋಟೆಲಿನ ಊಟದ ಬಗ್ಗೆಯೂ ನನ್ನ ಅಭಿಪ್ರಾಯ ಇದೇ.

ಈಗ 24ರ ವಿಚಾರಕ್ಕೆ ಬರುತ್ತೇನೆ. ಬೆಳಿಗ್ಗೆ ಮಡಗಾಂವಿನ ಮಾರುಕಟ್ಟೆಗೆ ಹೋಗಿ ಸಿಹಿತಿಂಡಿಗಳನ್ನು ಕೊಳ್ಳಿ. ಅತ್ತೆಯವರಿಗೆ ಇಲ್ಲಿ ಯಾವುದೂ ನಡೆಯುವುದಿಲ್ಲವೆಂದು ನೀವು ಭಾವಿಸಿದ್ದೀರಿ, ಆದರೆ ಗೋವಾದ ಕ್ರಿಸ್ಮಸ್ ತಿಂಡಿಗಳಲ್ಲಿ ಅರ್ಧದಷ್ಟಕ್ಕೆ ಮೊಟ್ಟೆಯ ಸೋಂಕೇ ಇರುವುದಿಲ್ಲ. ದೊದೋಲ್ ಎಂಬುದು ಅಕ್ಕಿಹಿಟ್ಟು, ತೆಂಗಿನ ಹಾಲು ಮತ್ತು ತೆಂಗಿನ ಕಪ್ಪು ಬೆಲ್ಲವನ್ನು ತಾಸುಗಟ್ಟಲೆ ಕೈಬಿಡದೆ ಮಗುಚಿ ಗಟ್ಟಿಯಾಗಿಸಿದ ಸಿಹಿ; ನಮ್ಮ ಹಾಲುಬಾಯಿ ತಿಂದವರಿಗೆ ಅದರ ರುಚಿ ಹೊಸದೆನಿಸುವುದಿಲ್ಲ. ಹೆಚ್ಚು ಹೊತ್ತು ಬೆಂದದ್ದು ಬಹುತೇಕ ಕಪ್ಪಗೆ ಹೊಳೆಯುತ್ತಿರುತ್ತದೆ, ಬೆರಳಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳುತ್ತದೆ, ಮತ್ತು ಅದರ ಅಂಚಿನಲ್ಲಿ ತೆಂಗಿನ ಎಣ್ಣೆಯ ತೆಳುವಾದ ಪಸೆ ಕಾಣುತ್ತದೆ. ಅಂಥದ್ದನ್ನೇ ಆರಿಸಿ. ಕಡಲೆಬೇಳೆ, ತೆಂಗಿನಕಾಯಿ, ಸಕ್ಕರೆಗಳನ್ನು ಬೇಯಿಸಿ ವಜ್ರಾಕಾರದಲ್ಲಿ ಕತ್ತರಿಸಿದ ದೊಸ್, ಪೇರಲೆ ಹಣ್ಣಿನ ತಿರುಳಿನಿಂದ ಮಾಡಿದ ಕೆಂಪು ಪೆರಾದ್, ಹುರಿದ ಅಕ್ಕಿಯನ್ನು ಬೆಲ್ಲ ಮತ್ತು ಕಾಯಿಯೊಂದಿಗೆ ಕುಟ್ಟಿ ಉಂಡೆ ಹಿಡಿದ ಪಿನಾಗ್ರ್, ನಮ್ಮ ಕರ್ಚಿಕಾಯಿಯ ರೂಪದ ನೆವ್ರಿ, ಇವೆಲ್ಲವೂ ಅವರಿಗೆ ಸಲ್ಲುವಂಥವು. ಹಿಟ್ಟನ್ನು ಸುರುಳಿ ಸುತ್ತಿ ಕರಿದ ಕುಲ್ಕುಲ್‌ಗೆ ಕೆಲವರು ಮೊಟ್ಟೆ ಹಾಕುತ್ತಾರೆ, ಕೆಲವರು ಹಾಕುವುದಿಲ್ಲ, ಮಾರುವವರನ್ನೇ ಕೇಳಿ. ಬೊಲಿನ್ಯಾ ಎಂಬ ತೆಂಗಿನಕಾಯಿ ಬಿಸ್ಕತ್ತು ಮತ್ತು ರವೆಯ ಬಾತ್ ಕೇಕಿನಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಬೆಬಿಂಕಾದಲ್ಲಂತೂ ಮೊಟ್ಟೆಯ ಹಳದಿಯೇ ಪ್ರಧಾನ, ಹಾಗಾಗಿ ಅದು ಮಕ್ಕಳ ಪಾಲಿಗೆ. 2023ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಈ ಸಿಹಿಯನ್ನು ಒಂದು ಪದರ ಬೆಂದು ಕೆಂಪಾದ ಮೇಲೆಯೇ ಮುಂದಿನ ಪದರವನ್ನು ಹುಯ್ಯುತ್ತಾ, ಮೇಲಿನಿಂದ ಬೆಂಕಿ ಕೊಟ್ಟು, ಸಾಂಪ್ರದಾಯಿಕವಾಗಿ ಏಳು ಪದರಗಳಲ್ಲಿ ಬೇಯಿಸುತ್ತಾರೆ. ಒಳ್ಳೆಯ ಬೆಬಿಂಕಾವನ್ನು ಕತ್ತರಿಸಿದರೆ ಪದರಗಳ ನಡುವಿನ ಕಂದು ಗೆರೆಗಳು ಒಂದೊಂದಾಗಿ ಎಣಿಸಲು ಬರುವಷ್ಟು ಸ್ಪಷ್ಟವಾಗಿರುತ್ತವೆ. ಎಣಿಸುವ ಕೆಲಸವನ್ನು ಕಿರಿಯ ಮಗುವಿಗೆ ಒಪ್ಪಿಸಿ. ಅಂಗಡಿಯ ಮೊಹರು ಹಾಕಿದ ಪೆಟ್ಟಿಗೆಗಿಂತ ಮನೆಯಲ್ಲಿ ಮಾಡಿ ತಂದು ಮಾರುವವರಲ್ಲಿ ಕೊಂಡರೆ ಒಳಿತು. ಬೆಲೆ ತುಸು ಹೆಚ್ಚಾದರೂ ತುಪ್ಪದ ವಿಷಯದಲ್ಲಿ ಅವರು ಕೈಬಿಗಿ ಹಿಡಿಯುವುದಿಲ್ಲ. 25ರಂದು ಮಾರುಕಟ್ಟೆ ಮುಚ್ಚಿರುತ್ತದೆ, ಊರಿನ ಸಣ್ಣ ಹೋಟೆಲುಗಳಲ್ಲೂ ಹಲವು ಬಾಗಿಲು ತೆರೆಯುವುದಿಲ್ಲ. ಆದ್ದರಿಂದ ಮರುದಿನದ ಹಣ್ಣು, ಹಾಲು, ಪೊಯಿ ಬ್ರೆಡ್ಡನ್ನು ಅಂದೇ ತಂದಿಟ್ಟುಕೊಳ್ಳಿ. ಮಡಗಾಂವಿನಲ್ಲಿ ನಮ್ಮ ಕಡೆಯ ಸಸ್ಯಾಹಾರಿ ಖಾನಾವಳಿಗಳೂ ಉಡುಪಿ ಹೋಟೆಲುಗಳೂ ಇರುವುದರಿಂದ ಉಳಿದ ದಿನಗಳ ಊಟಕ್ಕೆ ಚಿಂತೆಯಿಲ್ಲ.

ಮಧ್ಯಾಹ್ನ ಎಲ್ಲರೂ ಮಲಗಿ ನಿದ್ರೆ ಮಾಡಲಿ. ಸಂಜೆ ಕತ್ತಲಾದ ಮೇಲೆ ಹಳ್ಳಿಯ ಒಳದಾರಿಗಳಲ್ಲಿ ನಿಧಾನವಾಗಿ ಕಾರಿನಲ್ಲಿ ಸುತ್ತಿ. ಪ್ರತಿ ಮನೆಯ ಮುಂದೆ ನಕ್ಷತ್ರದ ದೀಪ ತೂಗುತ್ತಿರುತ್ತದೆ. ಅಂಗಳಗಳಲ್ಲಿ, ಚರ್ಚುಗಳ ಮುಂದೆ, ಕೆಲವೆಡೆ ಊರಿನ ಯುವಕರೆಲ್ಲ ಸೇರಿ ರಸ್ತೆಯ ಬದಿಯಲ್ಲೇ ಯೇಸುವಿನ ಹುಟ್ಟಿನ ಗೋದಲಿಯನ್ನು ಕಟ್ಟಿರುತ್ತಾರೆ. ಒಣಹುಲ್ಲು, ಕಲ್ಲಿನ ಬಣ್ಣ ಬಳಿದ ಕಾಗದದ ಗುಡ್ಡ, ಹರಿಯುವ ನೀರು, ಬಾವಿಯ ರಾಟೆ. ಗದ್ದೆಯ ಹಸಿರಿಗಾಗಿ ಕೆಲವರು ತಟ್ಟೆಯಲ್ಲಿ ರಾಗಿ ಬಿತ್ತಿ ಮೊಳಕೆ ಎಬ್ಬಿಸಿಟ್ಟಿರುತ್ತಾರೆ. ನಮ್ಮ ಮಕ್ಕಳಿಗೆ ರಾಗಿ ಪರಿಚಿತವಾದದ್ದೇ. ಪುಣೆಯಲ್ಲೇ ಹತ್ತು ಹನ್ನೆರಡು ದಿನ ಮುಂಚೆ ಅವರ ಕೈಯಿಂದ ಒಂದು ತಟ್ಟೆಯಲ್ಲಿ ಬಿತ್ತಿಸಿದರೆ, ಹೊರಡುವ ಹೊತ್ತಿಗೆ ಬೆರಳುದ್ದದ ಪೈರು ನಿಂತಿರುತ್ತದೆ. ಇಲ್ಲಿ ಗೋದಲಿಯಲ್ಲಿ ಅದನ್ನೇ ಕಂಡಾಗ ನಿಮಗಿಂತ ಮೊದಲು ಅವರೇ ಗುರುತಿಸುತ್ತಾರೆ. ಗೋದಲಿಯಲ್ಲಿ ಮರಿಯಳು, ಜೋಸೆಫನು, ಕುರುಬರು ಎಲ್ಲರೂ ಇದ್ದರೂ ಮಗುವಿನ ಜಾಗ ಮಾತ್ರ ಹಲವು ಕಡೆ ಖಾಲಿಯಿರುತ್ತದೆ, ಏಕೆಂದರೆ ಆ ಬೊಂಬೆಯನ್ನು ಅಂದಿನ ರಾತ್ರಿಯೇ ಇಡುವುದು ವಾಡಿಕೆ. ಇದನ್ನು ಮಕ್ಕಳಿಗೆ ಮೊದಲೇ ಹೇಳದೆ, ಅವರೇ ಕೇಳುವವರೆಗೆ ಕಾಯಿರಿ.

ಚರ್ಚಿನ ಪೂಜೆಗೆ ಧಾರಾಳವಾಗಿ ಹೋಗಬಹುದು. ಹಬ್ಬದ ರಾತ್ರಿ ಜನ ಒಳಗೆ ಹಿಡಿಸದ ಕಾರಣ ಹಲವು ಹಳ್ಳಿಗಳಲ್ಲಿ ಪೂಜೆ ಬಯಲಿನಲ್ಲೇ ನಡೆಯುತ್ತದೆ. ಕುರ್ಚಿಗಳಿರುತ್ತವೆ, ಮೆಟ್ಟಿಲು ಹತ್ತುವ ಪ್ರಮೇಯವಿಲ್ಲ. ಭಾಷೆ ಕೊಂಕಣಿ. ಸಮಯ ಊರಿಂದೂರಿಗೆ ಬೇರೆಯಾದ್ದರಿಂದ ಮನೆಯ ಮಾಲೀಕರನ್ನು ಎರಡು ದಿನ ಮೊದಲೇ ಕೇಳಿ ತಿಳಿದುಕೊಳ್ಳಿ. ಚಪ್ಪಲಿ ಕಳಚಬೇಕಾಗಿಲ್ಲ. ಭುಜ ಮತ್ತು ಮೊಣಕಾಲು ಮುಚ್ಚುವ ಬಟ್ಟೆ ಇರಲಿ. ಇಲ್ಲಿನವರು ಆ ರಾತ್ರಿ ಸೂಟು, ಹೊಸ ಫ್ರಾಕು ಧರಿಸಿ ಮದುವೆಗೆ ಬಂದಂತೆ ಬರುತ್ತಾರೆ, ಚಡ್ಡಿ ಹಾಕಿಕೊಂಡು ನಿಂತರೆ ನಿಮಗೇ ಮುಜುಗರ. ಹಿಂದಿನ ಸಾಲುಗಳಲ್ಲಿ ಕುಳಿತುಕೊಳ್ಳಿ, ಎಲ್ಲರೂ ಎದ್ದಾಗ ಏಳಿ. ಪರಮಪ್ರಸಾದ ಸ್ವೀಕರಿಸಲು ಜನ ಸಾಲುಗಟ್ಟಿ ಹೋಗುವಾಗ ಮಾತ್ರ ನಿಮ್ಮ ಜಾಗದಲ್ಲೇ ಇರಿ. ಅದು ಕಥೋಲಿಕರಿಗೆ ಮಾತ್ರ ಮೀಸಲಾದದ್ದು, ದೇವಸ್ಥಾನದ ಪ್ರಸಾದದ ಹಾಗೆ ಎಲ್ಲರಿಗೂ ಹಂಚುವುದಲ್ಲ. ಮಕ್ಕಳಿಗೆ ಇದನ್ನು ಮೊದಲೇ ತಿಳಿಸಿರಬೇಕು. ಪೂಜೆಯ ನಡುವೆ ಮೊಬೈಲ್ ಎತ್ತಿ ಫೋಟೋ ತೆಗೆಯುವುದು ಬೇಡ. ‘ಗ್ಲೋರಿಯಾ’ ಹಾಡುವಾಗ ಗಂಟೆಗಳೆಲ್ಲ ಒಟ್ಟಿಗೆ ಮೊಳಗುತ್ತವೆ, ನಿದ್ದೆಗಣ್ಣಿನ ಮಗುವೂ ಆಗ ಎದ್ದು ಕೂರುತ್ತದೆ. ಬಯಲಿನಲ್ಲಿ ಇಬ್ಬನಿ ಬೀಳುವುದರಿಂದ ಅತ್ತೆಯವರಿಗೆ ಶಾಲು ತನ್ನಿ. ಇನ್ನೊಂದು ಮಾತು: ಆ ರಾತ್ರಿ ಟ್ಯಾಕ್ಸಿಯವರೂ ಹಬ್ಬದಲ್ಲಿರುತ್ತಾರೆ. ಹೋಗುವ ಗಾಡಿಗಿಂತ ಹಿಂತಿರುಗುವ ಗಾಡಿಯನ್ನು ಗಟ್ಟಿಮಾಡಿಕೊಳ್ಳುವುದು ಮುಖ್ಯ. ಗೋವಾದಲ್ಲಿ ಪುಣೆಯಂತೆ ಓಲಾ, ಊಬರ್ ಸಿಗುತ್ತವೆಂದು ನಂಬಿ ಬರಬೇಡಿ.

25ರಂದು ಏನೂ ಇಟ್ಟುಕೊಳ್ಳದಿರುವುದೇ ವಾಸಿ. ಸಂಜೆ ಕಡಲತೀರದಲ್ಲಿ ಮಕ್ಕಳನ್ನು ಬಿಟ್ಟರಾಯಿತು. ಮನೆಯ ಮಾಲೀಕರು ಕ್ರೈಸ್ತರಾಗಿದ್ದರೆ ಬಹುಶಃ ಒಂದು ತಟ್ಟೆ ತಿಂಡಿ ನಿಮ್ಮ ಕೋಣೆಗೂ ಬರುತ್ತದೆ. ನೆರೆಹೊರೆಗೆ, ಹಿಂದೂ ಮನೆಗಳಿಗೂ ಸೇರಿ, ತಟ್ಟೆ ಕಳಿಸುವ ಈ ಪದ್ಧತಿಯನ್ನು ಇಲ್ಲಿ ಕೊನ್ಸುವಾದ ಎನ್ನುತ್ತಾರೆ. ಆ ವರ್ಷ ಸಾವಿನ ಸೂತಕವಿದ್ದು ತಿಂಡಿ ಮಾಡದ ಮನೆಗೆ ಅದು ತಪ್ಪದೆ ತಲುಪುತ್ತದೆ. ತಟ್ಟೆಯನ್ನು ಬರಿದಾಗಿ ಹಿಂತಿರುಗಿಸುವುದು ನಮ್ಮಲ್ಲಿ ರೂಢಿಯಿಲ್ಲವಲ್ಲ, ಆದ್ದರಿಂದ ಪುಣೆಯಿಂದ ಹೊರಡುವಾಗ ಬಾಕರವಡಿಯ ಒಂದು ಪೊಟ್ಟಣವಿರಲಿ.

ಹಳೆ ಗೋವಾವನ್ನು ನೋಡಲೇಬೇಕೆಂದಿದ್ದರೆ 23ರಂದು ಮುಗಿಸಿಬಿಡಿ. 1605ರಲ್ಲಿ ಪ್ರತಿಷ್ಠಾಪನೆಗೊಂಡ ಬೊಮ್ ಜೀಸಸ್ ಬಸಿಲಿಕಾ ಮತ್ತು ರಸ್ತೆಯ ಆಚೆಗಿನ ಸೆ ಕೆಥೆಡ್ರಲ್ ಎರಡೂ ಸಮತಟ್ಟಾದ ಜಾಗದಲ್ಲಿವೆ, ಅತ್ತೆಯವರಿಗೆ ಕಷ್ಟವಾಗದು. ಸೆ ಕೆಥೆಡ್ರಲಿನ ಎರಡು ಗೋಪುರಗಳಲ್ಲಿ ಒಂದು 1776ರಲ್ಲಿ ಕುಸಿದುಬಿದ್ದು ಮತ್ತೆ ಕಟ್ಟದೇ ಉಳಿದಿರುವುದನ್ನು ಮಕ್ಕಳಿಗೆ ತೋರಿಸಿ. ಪಣಜಿಯ ಚರ್ಚಿಗೆ ಮೆಟ್ಟಿಲುಗಳು ಬಹಳ. ದೀಪ ಹಚ್ಚಿದ ಮೇಲೆ ಕೆಳಗೆ ನಿಂತು ನೋಡಿದರೂ ನಷ್ಟವಿಲ್ಲ.

ಟಿಕೆಟ್ ದೊರೆಯದೇ ಹೋದರೆ ಎರಡನೆಯ ಆಯ್ಕೆಯಾಗಿ ಮುಂಬೈಯನ್ನು ಹಿಡಿಯಿರಿ. ಆಗ ಗಿರಗಾಂವಿನ ಖೋತಾಚಿವಾಡಿ, ಮಾಝಗಾಂವಿನ ಮಾಥರ್‌ಪಾಖಾಡಿ, ಬಾಂದ್ರಾದ ರಣವಾರ್ ಓಣಿಗಳಲ್ಲಿ ಯಾವುದಾದರೂ ಒಂದನ್ನು ಮಾತ್ರ ಆರಿಸಿ, ಸಂಜೆ ನಿಧಾನವಾಗಿ ನಡೆಯಿರಿ. ಹದಿಮೂರರ ಮಗುವಿಗೆ ಇತಿಹಾಸದಲ್ಲಿ ಆಸಕ್ತಿಯಿದ್ದರೆ, ಫೋರ್ಟಿನಲ್ಲಿ 1718ರಲ್ಲಿ ಆರಾಧನೆಗೆ ತೆರೆದ ಸೇಂಟ್ ಥಾಮಸ್ ಕೆಥೆಡ್ರಲನ್ನು ತೋರಿಸಿ, ಚರ್ಚ್‌ಗೇಟ್ ಎಂಬ ಹೆಸರು ಬಂದದ್ದು ಇದರಿಂದಲೇ ಎಂದು ಹೇಳಬಹುದು. ಬಾಂದ್ರಾದ ಹಿಲ್ ರೋಡಿಗೆ 24ರ ಸಂಜೆ ಅತ್ತೆಯವರನ್ನು ಕರೆದೊಯ್ಯಬೇಡಿ, ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಹೋಗುವುದಾದರೆ 23ರ ಬೆಳಿಗ್ಗೆ ಹೋಗಿ ಬೇಕರಿಯ ಕೆಲಸ ಮುಗಿಸಿಕೊಂಡು ಬನ್ನಿ.