ನಿಲ್ಲಲು ಬಾರದ ಕುದುರೆಗೆ ಗಾಡಿ ಯಾಕೆ?

ಓದುಗರ ಪತ್ರ: ನನ್ನಲ್ಲಿ ನಾಲ್ಕು ವರ್ಷದ ತಟ್ಟು ಕುದುರೆಯಿದೆ, ಸಾಧು ಪ್ರಾಣಿ. ಅದನ್ನು ಗಾಡಿಗೆ ಪಳಗಿಸಬೇಕು. ‘ಕಣ್ಣುಪಟ್ಟಿ ಕಟ್ಟಿ ಹೂಡಿಬಿಡು, ಎರಡು ದಿನ ಕುಣಿದು ಮೂರನೆಯ ದಿನ ತಾನೇ ದಾರಿಗೆ ಬರುತ್ತೆ’ ಅನ್ನುತ್ತಾರೆ ಒಬ್ಬರು. ‘ತಿಂಗಳುಗಟ್ಟಲೆ ಗಾಡಿಯ ಸುದ್ದಿಯೇ ಬೇಡ’ ಅನ್ನುತ್ತಾರೆ ಇನ್ನೊಬ್ಬರು. ಯಾರ ಮಾತು ಕೇಳಲಿ? ಗಾಡಿಗೆ ಯಾವ ಬಣ್ಣ ಬಳಿದರೆ ಚೆಂದ?

ಉತ್ತರ: ಮಾನ್ಯರೇ, ಮೇಜಿನ ಮೇಲಿದ್ದ ಪತ್ರಗಳ ರಾಶಿಯನ್ನು ಪಕ್ಕಕ್ಕೆ ಸರಿಸಿ ನಿಮ್ಮದನ್ನೇ ಎತ್ತಿಕೊಂಡೆ. ಎರಡು ಸಲ ಓದಿದೆ. ಎಳೆಯುವ ಮಾತಿದೆ, ಬಣ್ಣದ ಮಾತೂ ಇದೆ. ನಿಲ್ಲುವ ಮಾತು ಎಲ್ಲೂ ಕಾಣಲಿಲ್ಲ. ನನ್ನನ್ನು ಬಲ್ಲವರಿಗೆ ಗೊತ್ತು, ಈ ವಿಷಯ ಸಿಕ್ಕಿದರೆ ನನಗೆ ಲಗಾಮಿಲ್ಲ.

ಮೊದಲನೆಯವರನ್ನು ಪೂರ್ತಿ ತಳ್ಳಿಹಾಕುವುದಿಲ್ಲ. ಕೈ ಪಳಗಿದವರು ಹಳೆಯ ಶಾಂತ ಕುದುರೆಯ ಜೊತೆ ಜೋಡಿ ಕಟ್ಟಿ ಹೊಸದನ್ನು ಬೇಗ ದಾರಿಗೆ ತಂದದ್ದುಂಟು. ಪಕ್ಕ, ಹಿಂದೆ ಕಾಣದಂತೆ ಮರೆಮಾಡುವ ಕಣ್ಣುಪಟ್ಟಿಗೂ ಅದರದೇ ಉಪಯೋಗವಿದೆ. ಅವರಿಗೆ ಇಷ್ಟು ಸಾಕು.

ಕುದುರೆ ಓಡಿ ಜೀವ ಉಳಿಸಿಕೊಂಡ ಜಾತಿ. ಕಣ್ಣು ತಲೆಯ ಎರಡು ಪಕ್ಕದಲ್ಲಿರುವುದರಿಂದ ಸುತ್ತ ಹೆಚ್ಚುಕಡಿಮೆ 350 ಡಿಗ್ರಿಯಷ್ಟು ಕಾಣುತ್ತದೆ. ಕಾಣದಿರುವುದು ಮೂಗಿನೆದುರು ಒಂದಿಷ್ಟು, ಬಾಲದ ನೇರ ಹಿಂದೆ ಒಂದಿಷ್ಟು. ನಾವು ಗಡಗಡಿಸುವ ಗಾಡಿಯನ್ನು ತಂದು ಕಟ್ಟುವುದು ಸರಿಯಾಗಿ ಆ ಹಿಂದಿನ ಜಾಗಕ್ಕೆ! ಬೆದರಿ ಓಡಿದಷ್ಟೂ ಸದ್ದು ಜೋರು, ಸದ್ದು ಜೋರಾದಷ್ಟೂ ಓಟ ಜೋರು. ಸವಾರನನ್ನು ಕೆಡವಿದ ಕುದುರೆ ಸ್ವಲ್ಪ ದೂರ ಹೋಗಿ ಹುಲ್ಲು ಮೇಯುತ್ತ ನಿಂತೀತು. ಗಾಡಿಯನ್ನು ಹಾಗೆ ಕೆಡವಿ ಹೋಗಲು ಬರುವುದಿಲ್ಲ.

ನನ್ನ ಬಲ ಅಂಗೈಯಲ್ಲಿ ಒಂದು ಗೆರೆಯಿದೆ, ಯಾವ ಹಸ್ತಸಾಮುದ್ರಿಕದವನೂ ಓದಲಾರ. ಆಗ ಇಪ್ಪತ್ತರ ಪ್ರಾಯ. ಸಂಜೆ ಗಾಡಿ ಬಿಚ್ಚುವಾಗ ಕುದುರೆಯ ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ಅಯ್ಯೋ ಪಾಪ ಅನ್ನಿಸಿ ಮೊದಲು ಕಣ್ಣುಪಟ್ಟಿ ಸಮೇತ ತಲೆಕಟ್ಟನ್ನೇ ಕಳಚಿದೆ. ಪ್ರಾಣಿ ಇನ್ನೂ ಎರಡು ಮೂಕಿಗಳ, ಅಂದರೆ ಗಾಡಿಯಿಂದ ಮುಂದಕ್ಕೆ ಚಾಚಿದ ಮರಗಳ, ನಡುವೆಯೇ ಇತ್ತು. ಕಣ್ಣುಪಟ್ಟಿ ಜಾರಿದ್ದೇ ತಡ, ದಿನವಿಡೀ ತನ್ನ ಬೆನ್ನು ಹತ್ತಿ ಬಂದದ್ದು ಏನೆಂದು ಅದು ಮೊದಲ ಸಲ ತಿರುಗಿ ನೋಡಿತು. ಅದರ ಕಿವಿ ಹಿಂದಕ್ಕೆ ಮಡಚಿದ್ದು ಮಾತ್ರ ನನಗೆ ನೆನಪು. ಲಗಾಮು ಬೆನ್ನುಪಟ್ಟಿಯ ಬಳೆಯಲ್ಲಿ ಸಿಕ್ಕಿಕೊಂಡಿತ್ತು, ನನ್ನ ಅಂಗೈ ಚರ್ಮ ಸುಲಿದುಕೊಂಡೇ ಹೋಯಿತು. ಗಾಡಿ ಬೇಲಿಗೆ ಬಡಿದು ಒಂದು ಚಕ್ರ ಕಳೆದುಕೊಂಡಿತು. ಕುದುರೆ ಮೂಕಿಯೊಳಗಿರುವಷ್ಟು ಹೊತ್ತು ತಲೆಕಟ್ಟು ಕಳಚಬಾರದು. ಇದನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ.

ಅದಕ್ಕೇ ಹೇಳುವುದು, ಪಟ್ಟಿ ಕಟ್ಟುವ ಮೊದಲು ಪ್ರಾಣಿ ಗಾಡಿಯನ್ನು ಕಣ್ತುಂಬ ನೋಡಲಿ, ಮೂಸಲಿ. ಇಬ್ಬರು ಖಾಲಿ ಗಾಡಿ ಎಳೆದುಕೊಂಡು ಮುಂದೆ ನಡೆಯಿರಿ, ಕುದುರೆ ಹಿಂದೆ ಬರಲಿ. ಕೆಲವು ದಿನ ಬಿಟ್ಟು ಗಾಡಿ ಪಕ್ಕಕ್ಕೆ ಬರಲಿ, ಆಮೇಲೆ ಹಿಂದಕ್ಕೆ. ಇದೆಲ್ಲಕ್ಕೂ ಮೊದಲು ಉದ್ದ ಲಗಾಮು ಹಿಡಿದು, ಒದೆ ತಾಗದಷ್ಟು ದೂರದಲ್ಲಿ, ನೀವೇ ಗಾಡಿಯ ಜಾಗದಲ್ಲಿ ನಡೆಯಬೇಕು. ಹಗ್ಗ ತೊಡೆಗೆ, ಹಿಂಗಾಲಿಗೆ ತಾಗುವುದು ಅಭ್ಯಾಸವಾಗಲಿ. ಒಂದು ದಿನ ಲಗಾಮು ಬಾಲದಡಿ ಸಿಕ್ಕೇ ಸಿಗುತ್ತದೆ, ಕುದುರೆ ಬಾಲ ಬಿಗಿದು ಅದನ್ನು ಅಮುಕಿ ಹಿಡಿಯುತ್ತದೆ. ಎಳೆದಿರೋ, ಕೆಟ್ಟಿರಿ. ಸಡಿಲ ಬಿಟ್ಟು, ಮಾತಾಡಿಸುತ್ತ, ಬಾಲ ಎತ್ತಿ ಬಿಡಿಸಿ. ಮೂಕಿಯೊಳಗಿನ ಕುದುರೆ ಮೈ ಬಾಗಿಸಿ ತಿರುಗಲಾರದು, ಕಾಲು ಅಡ್ಡ ಹಾಕಿ ತಿರುಗಬೇಕು. ಅದಕ್ಕಾಗಿ ಮೊದಲು ಎರಡು ಪಕ್ಕ ಬಿದಿರಿನ ಕೋಲು ಕಟ್ಟಿ ತಿರುಗಿಸಿ ಕಲಿಸಿ.

ಮತ್ತು ನಿಲ್ಲುವುದು. ಸವಾರನಿಗೆ ಕಾಲಿದೆ, ಕುಳಿತ ಭಾರವಿದೆ. ಗಾಡಿಯವನಿಗೆ ಇರುವುದು ಕೈ, ದನಿ, ಚಾವಟಿಯ ತುದಿ. ಆ ಚಾವಟಿಯೂ ಮುಟ್ಟುವುದಕ್ಕೆ, ಬಾರಿಸುವುದಕ್ಕಲ್ಲ. ‘ಹೋ’ ಅಂದರೆ ನಾಲ್ಕೂ ಕಾಲು ಊರಿ, ನೀವು ಹೇಳುವವರೆಗೆ ನಿಲ್ಲಬೇಕು. ಹಿಂದೆ ತಗಡು ಬಿದ್ದರೂ ನಿಲ್ಲುವ ದಿನ ಬಂದರೆ ಗಾಡಿ ಹೂಡಿ, ಆಗಲೂ ತಲೆಯ ಬಳಿ ಒಬ್ಬರಿರಲಿ. ಲಗಾಮು ಹಿಡಿದವರು ಮೊದಲು ಹತ್ತಿ ಕೊನೆಗೆ ಇಳಿಯಬೇಕು.

ನಿಧಾನ ಅನ್ನುವುದು ನನ್ನ ಮುದಿತನದ ಕನವರಿಕೆ ಅಂದುಕೊಳ್ಳಬೇಡಿ. ಇಂದಿನ ಟರ್ಕಿಯಲ್ಲಿರುವ ಹಿಟ್ಟೈಟರೆಂಬ ಪ್ರಾಚೀನ ಜನರ ರಾಜಧಾನಿ ಹಟ್ಟುಸಾದಲ್ಲಿ ಜೇಡಿಮಣ್ಣಿನ ಹಲಗೆಗಳು ಸಿಕ್ಕಿವೆ. ಸುಮಾರು 3,400 ವರ್ಷ ಹಳೆಯವು. ಮಿತಾನಿ ದೇಶದ ಕಿಕ್ಕುಲಿ ಎಂಬ ಅಶ್ವಶಿಕ್ಷಕ ಹೇಳಿದ ಪಾಠ, ರಥದ ಕುದುರೆಗೆ ಸುಮಾರು ಏಳು ತಿಂಗಳ ದಿನಚರಿ. ಸುತ್ತುಗಳನ್ನು ಆತ ಎಣಿಸುವುದು ‘ಐಕ ವರ್ತನ್ನ, ತೇರ ವರ್ತನ್ನ, ಪಂಜ ವರ್ತನ್ನ’ ಎಂದು. ಏಕ, ತ್ರಿ, ಪಂಚ ಕೇಳಿಸಿತೇ? ಮೈ ಜುಮ್ಮೆನ್ನುತ್ತದೆ ನನಗೆ. ಯುದ್ಧ ತಲೆಯ ಮೇಲೆ ತೂಗುತ್ತಿದ್ದ ಕಾಲದಲ್ಲೂ ಏಳು ತಿಂಗಳು!

ಇನ್ನೊಂದು ಕಥೆ ಬರ್ಲಿನ್ನಿನದು. ಹಾನ್ಸ್ ಎಂಬ ಕುದುರೆ ಗೊರಸು ಕುಟ್ಟಿ ಲೆಕ್ಕ ಬಿಡಿಸುತ್ತದೆಂದು ಜನ ಮುಗಿಬಿದ್ದಿದ್ದರು. ಪ್ರಶ್ನೆ ಕೇಳಿದವರ ತಲೆ ತಮಗೇ ಅರಿಯದೆ ಕೂದಲೆಳೆಯಷ್ಟು ಅಲುಗುವುದನ್ನು ನೋಡಿ ಅದು ನಿಲ್ಲಿಸುತ್ತಿತ್ತೆಂದು ಮನಶ್ಶಾಸ್ತ್ರಜ್ಞ ಆಸ್ಕರ್ ಫುಂಗ್ಸ್ಟ್ 1907ರಲ್ಲಿ ತೋರಿಸಿಕೊಟ್ಟ. ಅಷ್ಟು ಸೂಕ್ಷ್ಮ ಪ್ರಾಣಿಗೆ ನಿಮ್ಮ ಅವಸರ ಲಗಾಮಿನ ತುದಿಯಲ್ಲಿ ತಿಳಿಯದೇ?

ಆದರೆ ಈಗ ಎಲ್ಲವೂ ‘ಮೂವತ್ತು ದಿನಗಳಲ್ಲಿ’. ಭಾಷೆ ಮೂವತ್ತು ದಿನ, ಸಂಗೀತ ಹತ್ತು ದಿನ, ಕುದುರೆ ಒಂದೇ ಮಧ್ಯಾಹ್ನ, ಅದೂ ವಿಡಿಯೊ ಸಹಿತ. ನಮ್ಮ ಕಚೇರಿಗೆ ಬರುವ ಲೇಖನಗಳೂ ಬೆಳಿಗ್ಗೆ ಹೊಳೆದು ಸಂಜೆಗೆ ಅಂಚೆ ಹತ್ತಿದವು. ಆಗದೇ ಹೋದ ಅಪಘಾತಕ್ಕೆ ಯಾವ ಪತ್ರಿಕೆಯಲ್ಲೂ ಜಾಗವಿಲ್ಲ, ನಮ್ಮದರಲ್ಲೂ ಇಲ್ಲ. ಆರು ತಿಂಗಳು ಕುದುರೆಯ ಹಿಂದೆ ಕಾಲ್ನಡೆಯಲ್ಲಿ ಸವೆದವನನ್ನು ಕರೆದು ಶಾಲು ಹೊದಿಸಿದ್ದನ್ನು ನಾನಂತೂ ಕಂಡಿಲ್ಲ.

ನೀವು ಹೂಡುವ ಮೊದಲು ಕೇಳಿದಿರಿ. ಹೆಚ್ಚಿನವರು ಚಕ್ರ ಮುರಿದ ಮೇಲೆ ಬರೆಯುತ್ತಾರೆ. ನಾಲ್ಕು ವರ್ಷ ಪಾಠ ಶುರುಮಾಡಲು ಒಳ್ಳೆಯ ವಯಸ್ಸು, ಭಾರ ಹೇರಲು ಅಲ್ಲ. ಬೆನ್ನುಮೂಳೆ ಬಲಿಯಲು ಐದಾರು ವರ್ಷವಾದರೂ ಬೇಕು.

ಬಣ್ಣ ಕೇಳಿದ್ದಿರಿ. ಯಾವುದಾದರೂ ಬಳಿಯಿರಿ. ಚೆನ್ನಾಗಿ ಒಣಗಲು ಬಿಡಿ, ಹಸಿ ಬಣ್ಣದ ವಾಸನೆಗೂ ಅದು ಮೂಗು ಅರಳಿಸೀತು. ಹೇಗೂ ನಿಮಗೆ ಸಮಯವಿದೆ.